ಈ ಮನೆಗೆ ಎಷ್ಟು ನಂಬರು?

ಬೆಂಗಳೂರು, ಪೀಣ್ಯ ಕೈಗಾರಿಕಾ ಪ್ರದೇಶದ ಹಿಂಬದಿಯ ಒಂದು ಅಡ್ಡರಸ್ತೆ. ತಿಂಗಳ ಐದನೇ ತಾರೀಖು, ರಾತ್ರಿ ಎಂಟೂವರೆ. ಮೂರನೇ ಮಹಡಿಯ ಒಂಟಿ ರೂಮಿನಲ್ಲಿರುವ ಸಂಶೋಧನಾ ವಿದ್ಯಾರ್ಥಿನಿ ಬಾಡಿಗೆ ಕೊಡಲು ಕೆಳಗಿಳಿದಿದ್ದಾಳೆ. ಮನೆಯೊಡತಿ ಹಳೇ ಬೆಡ್‌ಶೀಟು ಹಾಸಿಕೊಂಡು ರಬ್ಬರ್ ವಾಷರುಗಳ ಗುಡ್ಡೆಯ ಮುಂದೆ ಕೂತಿದ್ದಾರೆ.

— ದುಡ್ಡು ಅಲ್ಲೇ ಟಿವಿ ಪಕ್ಕ ಇಡಮ್ಮ, ನನ್ನ ಕೈಯೆಲ್ಲ ಕಪ್ಪಾಗಿದೆ. ಅದೇನು ಕಂಕುಳಲ್ಲಿ? ಅದೇ ಮನೆಮನೆ ಸಮೀಕ್ಷೆ ಫಾರಮ್ಮಾ?

— ಹೌದು ಆಂಟಿ. ಈ ರಸ್ತೇಲಿ ನಲವತ್ತಾರು ಮನೆ ಮುಗೀತು. ನಿಮ್ಮದೊಂದು ಬಾಕಿ.

— ಎರಡು ವರ್ಷದಿಂದ ಇದೇ ಮನೇಲಿದೀಯ, ನಮ್ಮನೇನೇ ಕೊನೇಗೆ ಇಟ್ಕೊಂಡ್ಯಾ?

— ಒಳಗೇ ಇದೀನಲ್ಲ, ಯಾವಾಗ ಬೇಕಾದ್ರೂ ಕೇಳಬಹುದು ಅಂತ. ನಿಜ ಹೇಳ್ಬೇಕಂದ್ರೆ ನಿಮ್ಮದನ್ನ ನಾನೇ ಅರ್ಧ ತುಂಬಿಬಿಟ್ಟಿದೀನಿ.

— ಓದು, ಕೇಳೋಣ. ನನ್ನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಾದ್ರೂ ಇರಬಹುದು.

— "ಯಜಮಾನರು: ನಿವೃತ್ತ ಟರ್ನರ್. ಪತ್ನಿ: ಗೃಹಿಣಿ, ಆದಾಯವಿಲ್ಲ."

— ಹೌದಾ! ಹಾಗಾದ್ರೆ ಇದೇನು, ರಾತ್ರಿ ಎಂಟೂವರೇಲಿ ನಾನು ಚೌಕಾಬಾರ ಆಡ್ತಾ ಕೂತಿದೀನಾ?

— ಅಯ್ಯೋ, ಆಂಟಿ...

— ಕೂತ್ಕೋ. ಆ ಕತ್ತರಿ ತಗೋ. ನೋಡಿಲ್ಲಿ, ಅಚ್ಚಿನಿಂದ ಬಂದ ವಾಷರಿನ ಸುತ್ತ ತೆಳ್ಳಗೆ ಒಂದು ಪದರ ಉಳಿದಿರುತ್ತೆ, ಚೆನ್ನಾಗಿ ಹುಯ್ದ ದೋಸೆ ಅಂಚಿನ ಹಾಗೆ. ಅದನ್ನ ಒಂದೇ ಸುತ್ತಿಗೆ ತೆಗೀಬೇಕು. ಉಂಗುರಕ್ಕೆ ಕತ್ತರಿ ತಾಗಿತೋ, ಪೀಸು ರಿಜೆಕ್ಟು, ದುಡ್ಡು ಕಟ್ಟು. ಕೇಜಿ ಲೆಕ್ಕ. ಬೆಳಗ್ಗೆ ಎಂಟಕ್ಕೆ ಆಟೋ ಬಂದು ಈ ಮೂಟೆ ತಗೊಂಡು ಇನ್ನೊಂದು ಇಳಿಸಿ ಹೋಗುತ್ತೆ. ಎಷ್ಟು ಮನೇಲಿ ಹೀಗೆ ಗೃಹಿಣಿ ಅಂತ ಬರ್ಕೊಂಡಿದೀಯ?

— ಮೂವತ್ತರ ಮೇಲಿರಬೇಕು.

— ಅದರಲ್ಲಿ ಅರ್ಧಕ್ಕರ್ಧ ಮನೆಗೆ ಅದೇ ಆಟೋ ಬರುತ್ತೆ. ನೀನು ಬಾಗಿಲು ಬಡಿದ ಸದ್ದಿಗೆ ಮೂಟೆ ಮಂಚದ ಕೆಳಗೆ ಹೋಗಿರುತ್ತೆ, ಅಷ್ಟೇ. ಫಾರಂ ಹಿಡ್ಕೊಂಡು ಬಂದವರೆಲ್ಲ ಕಮರ್ಷಿಯಲ್ ಮೀಟರ್ ಹಾಕಿಸೋಕೇ ಬಂದವರು ಅಂತ ನಮಗೆ ಅನುಮಾನ.

— ತಮಾಷೆ ಅಂದ್ರೆ, ಇದನ್ನ ನಾನು ಓದಿಲ್ಲ ಅಂತಲ್ಲ. ಸಾಲೊಮನ್ ಬೆಂಜಮಿನ್ ಅನ್ನೋರು 2000ದಲ್ಲೇ ಬೆಂಗಳೂರಿನ ಮೇಲೆ ಬರೆದ ಲೇಖನದಲ್ಲಿ ಇದೇ ಮಾತಿದೆ. ಬಡವರಿಗೆ ಮನೆ ಅನ್ನೋದು ಮಲಗೋ ಜಾಗ ಮಾತ್ರ ಅಲ್ಲ, ಕಸುಬಿನ ಜಾಗ. ಮನೆ, ಅಂಗಡಿ, ಗೋಡೌನು ಒಂದರ ತೊಡೆ ಮೇಲೆ ಒಂದು ಕೂತಿರುತ್ತೆ. ಅದನ್ನ ಬಿಡಿಸಿ ಊರಾಚೆ ಅಚ್ಚುಕಟ್ಟಾದ ಫ್ಲ್ಯಾಟು ಕೊಟ್ರೆ ಮನೆ ಸಿಗುತ್ತೆ, ಅನ್ನ ಹೋಗುತ್ತೆ ಅಂತ. ಓದಿ ಅಡಿಗೆರೆ ಹಾಕಿದ್ದೆ. ಆದರೂ ಫಾರಮ್ಮಲ್ಲಿ 'ಗೃಹಿಣಿ' ಅಂತ ಟಿಕ್ ಹಾಕಿದೀನಿ.

— ಟಿಕ್ ಹಾಕೋ ಜಾಗ ಅಷ್ಟೇ ಇದ್ರೆ ನೀನೇನು ಮಾಡ್ತೀಯ ಬಿಡು. ಮುಂದೆ ಓದು.

— ಕೆಳಗಡೆ ಹಿಂಭಾಗದವರನ್ನ ಬಾಡಿಗೆ ಎಷ್ಟು ಅಂತ ಕೇಳಿದೆ. ಸೊನ್ನೆ ಅಂದ್ರು. 'ಬಾಡಿಗೆ ಇಲ್ಲ ಅಂದ್ರೆ ಮಾಲೀಕರ ನೆಂಟರಿರಬೇಕು, ಹಾಗೇ ಬರ್ಕೋ' ಅಂದ್ರು ನಮ್ಮ ಗೈಡು.

— ನೆಂಟರು! ಅವರು ಭೋಗ್ಯಕ್ಕಿದಾರೆ ಕಣಮ್ಮ. ಏಳು ಲಕ್ಷ, ಮೂರು ವರ್ಷದ ಕರಾರು. ಬಾಡಿಗೆ ಇಲ್ಲ, ಬಡ್ಡಿ ಇಲ್ಲ. ಅವಧಿ ಮುಗಿದ ದಿನ ಏಳೂ ಲಕ್ಷ ಎಣಿಸಿ ಕೊಟ್ಟು ಬೀಗದಕೈ ಇಸ್ಕೋಬೇಕು. ಎರಡನೇ ಮಹಡಿಗೆ ಮೋಲ್ಡ್ ಹಾಕಿಸಿದ್ದು ಯಾವ ದುಡ್ಡಲ್ಲಿ ಅಂದ್ಕೊಂಡೆ? ಬ್ಯಾಂಕಿಗೆ ಹೋದ್ರೆ 'ಎ ಖಾತೆಯೋ ಬಿ ಖಾತೆಯೋ' ಅಂತ ಕೇಳಿದ್ರು. ಬಿ ಅಂದ ತಕ್ಷಣ ಫೈಲು ನಮ್ಮ ಕಡೆಗೇ ವಾಪಸ್ ಜಾರಿ ಬಂತು.

— ಅಂದ್ರೆ ನಿಮಗೆ ಗೃಹಸಾಲ ಕೊಟ್ಟಿದ್ದು ನಿಮ್ಮ ಬಾಡಿಗೆದಾರರೇ. ನನ್ನ ಲೆಕ್ಕದ ಪುಸ್ತಕದಲ್ಲಿ ಅವರು ಬಡವರು, ನೀವು ಅವರಿಗೆ ಆಶ್ರಯ ಕೊಟ್ಟವರು.

— ಯಾರು ಯಾರಿಗೆ ಆಶ್ರಯವೋ! ಅವರಿಗೆ ದುಡ್ಡು ವಾಪಸ್ ಕೊಡೋಕೆ ಇನ್ನೊಬ್ಬ ಭೋಗ್ಯದವರನ್ನ ಹುಡುಕಬೇಕು, ಅವರಿಗೆ ಕೊಡೋಕೆ ಮತ್ತೊಬ್ಬರನ್ನ. ಅವರ ಟೋಪಿ ಇವರಿಗೆ. ನಡುವೆ ಯಾರೂ ಸಿಗದೆ ಹೋದ್ರೆ? ಕೊರೋನಾ ವರ್ಷ ಸಿಗಲಿಲ್ಲ. ಆಗಿದ್ದವರು ಗಾರ್ಮೆಂಟ್ಸ್ ಮುಚ್ಚಿತು ಅಂತ ಊರಿಗೆ ಹೊರಟು ನಿಂತರು, ನನ್ನ ಹತ್ತಿರ ದುಡ್ಡಿಲ್ಲ. ಬೀಗದಕೈ ಕೊಡದೆ ನಾಲ್ಕು ತಿಂಗಳು ಬೀಗ ಹಾಕ್ಕೊಂಡು ಹೋದರು. ತಪ್ಪು ಅವರದ್ದಲ್ಲ. ಆ ನಾಲ್ಕು ತಿಂಗಳು ನಾನು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ.

— ಆ ಮುಚ್ಚಿದ ಮನೆ ಗಣತಿ ದಿನ ಸಿಕ್ಕಿದ್ರೆ 'ಖಾಲಿ ಮನೆ' ಅಂತ ಹೋಗ್ತಿತ್ತು! 2011ರ ಜನಗಣತೀಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಖಾಲಿ ಮನೆ ಸಿಕ್ಕವು. ಮಾರನೇ ವರ್ಷ ಕೇಂದ್ರದ ಒಂದು ತಜ್ಞರ ಸಮಿತಿ, ನಗರಗಳಲ್ಲಿ 1.88 ಕೋಟಿ ಮನೆ ಕೊರತೆ ಅಂತ ವರದಿ ಕೊಡ್ತು.

— ಒಂದು ಕಡೆ ಕೋಟಿ ಖಾಲಿ, ಇನ್ನೊಂದು ಕಡೆ ಎರಡು ಕೋಟಿ ಹತ್ತಿರ ಕೊರತೆ. ಹಾಗಾದ್ರೆ ಬೀಗ ಒಡೆದು ಕೊಟ್ರಾಯ್ತಲ್ಲ.

— ಖಾಲಿ ಇರೋ ಮನೆ ಬೇಕಾದವರ ಕೈಗೆ ಎಟುಕಲ್ಲ. ಆ ಕೊರತೇಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಬಡವರದ್ದು, ಕಡಿಮೆ ಆದಾಯದವರದ್ದು. ಇನ್ನೊಂದು ವಿಷಯ ಹೇಳಲಾ? ಆ 1.88 ಕೋಟೀಲಿ ಬೀದೀಲಿ ಮಲಗೋರು ಬಹಳ ಕಡಿಮೆ. ಹೆಚ್ಚುಕಮ್ಮಿ ಒಂದೂವರೆ ಕೋಟಿ ಇಕ್ಕಟ್ಟಿನ ಲೆಕ್ಕ. ಸೂರಿದೆ, ಆದರೆ ಗಂಡಹೆಂಡತಿಗೆ ಅಂತ ಬೇರೆ ಕೋಣೆ ಇಲ್ಲ.

— ಅದನ್ನೂ ಎಣಿಸ್ತಾರಾ? ಪರವಾಗಿಲ್ಲ ನಿಮ್ಮವರು. ಹಿಂದಿನ ಮನೆಯವರು ಒಂದೇ ರೂಮಿಗೆ ಅಡ್ಡ ಹಳೇ ಸೀರೆ ಕಟ್ಟಿದಾರೆ. ಮಗಳು ಎಂಟನೇ ಕ್ಲಾಸು. ಸೀರೆ ಈಚೆ ಮಗಳು, ಆಚೆ ಅವರು. ರಾತ್ರಿ ಹತ್ತಾದ್ರೂ ಅವರಪ್ಪ ಹೊರಗಡೆ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡ್ತಿರ್ತಾನೆ, ಮಗಳು ಓದಿ ಮುಗಿಸಲಿ ಅಂತ. ಅವನು ಅಲ್ಲಿ ಯಾಕೆ ಕೂತಿರ್ತಾನೆ ಅಂತ ನೀನೂ ಯೋಚಿಸಿರಲ್ಲ.

— ದಾರಿ ಬಿಡಿ ಅಂತ ದಿನಾ ಕೇಳ್ತೀನಿ.

— ಹೂಂ. ಕತ್ತರಿ ಹಾಗಲ್ಲ, ವಾಷರನ್ನ ತಿರುಗಿಸು, ಕತ್ತರಿ ಅಲ್ಲಾಡಬಾರದು.

— ಈ ಸೈಟು ಯಾವಾಗ ತಗೊಂಡಿದ್ದು?

— ತೊಂಬತ್ತೊಂದರಲ್ಲಿ. ಇಪ್ಪತ್ತು ಮೂವತ್ತರ ಸೈಟು. ರಾಗಿ ಹೊಲ. ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿತ್ತು, ಅದರ ಮೇಲೇ ಸುಣ್ಣದಲ್ಲಿ ಗೆರೆ ಎಳೆದು ಒಂದೇ ಸರ್ವೆ ನಂಬರಲ್ಲಿ ನಲವತ್ತೆಂಟು ತುಂಡು ಮಾಡಿದ್ರು. ಮೂವತ್ತಾರು ಸಾವಿರ. ನನ್ನ ನಾಲ್ಕು ಬಳೆ, ಅವರ ಚೀಟಿ ದುಡ್ಡು. ಜಿಪಿಎ, ಅಫಿಡವಿಟ್ಟು, ಛಾಪಾ ಕಾಗದ, ಅಷ್ಟೇ ದಾಖಲೆ.

— ಬಿಡಿಎಗೆ ಅರ್ಜಿ ಹಾಕಲಿಲ್ವಾ?

— ಮೂರು ಸಲ. ಪ್ರತಿ ಸಲ ಠೇವಣಿ ಕಟ್ಟೋದು, ವಾಪಸ್ ಇಸ್ಕೊಳೋದು. ನಾಲ್ಕನೇ ಸಲ ಇವರು ಅಂದ್ರು, ಆ ಸೈಟಲ್ಲಿ ನಮ್ಮ ಮೊಮ್ಮಕ್ಕಳು ಗೃಹಪ್ರವೇಶ ಮಾಡಲಿ, ನಾವು ಹೊಲದಲ್ಲಿ ಕಟ್ಟೋಣ ಅಂತ.

— ನಮ್ಮ ಪುಸ್ತಕದಲ್ಲಿ ಊರು ಬೆಳೆಯೋ ಕ್ರಮವೇ ಬೇರೆ. 1898ರಲ್ಲಿ ಪ್ಲೇಗು ಬಂತು, ಪೇಟೆಯ ಇಕ್ಕಟ್ಟು ಬಿಟ್ಟು ಜನ ಗಾಳಿ ಬೆಳಕಿಗೆ ಬರಲಿ ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆ ಆಯ್ತು. 1945ರಲ್ಲಿ ಸಿಐಟಿಬಿ ಅನ್ನೋ ನಗರ ಸುಧಾರಣಾ ಮಂಡಳಿ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದ್ರೆ ಬಿಡಿಎ. ಮೊದಲು ನಕ್ಷೆ, ಆಮೇಲೆ ರಸ್ತೆ, ಚರಂಡಿ, ನೀರು, ಕರೆಂಟು. ಕೊನೇಗೆ ಮನೆ.

— ನಮ್ಮ ರಸ್ತೇದು ಉಲ್ಟಾ ಬರ್ಕೋ. ಮೊದಲು ಮನೆ. ಒಂದು ವರ್ಷ ಸೀಮೆಎಣ್ಣೆ ದೀಪ. ಆಮೇಲೆ ಕರೆಂಟು. ಬೋರ್‌ವೆಲ್ಲು, ಬೀದಿ ಕೊಳಾಯಿ. ಚರಂಡಿ ಬಂದಿದ್ದು ಎರಡನೇ ಮಗ ಹೈಸ್ಕೂಲಲ್ಲಿದ್ದಾಗ. ಡಾಂಬರು ಯಾವಾಗ ಹಾಕಿದ್ರು ಅಂತ ಕೇಳಬೇಡ, ಚುನಾವಣೆ ಇಸವಿ ನೋಡ್ಕೋ. ಕಾಗದ ಮಾತ್ರ ಇನ್ನೂ ಬರ್ತಾನೇ ಇದೆ.

— ಜಾನಕಿ ನಾಯರ್ ಅಂತ ಇತಿಹಾಸಕಾರ್ತಿ 2005ರಲ್ಲಿ ಇಪ್ಪತ್ತನೇ ಶತಮಾನದ ಬೆಂಗಳೂರಿನ ಮೇಲೆ ದೊಡ್ಡ ಪುಸ್ತಕ ಬರೆದಿದಾರೆ. ನಕ್ಷೆಯ ಊರನ್ನೂ ನಕ್ಷೆ ಮೀರಿ ಬೆಳೆದ ಊರನ್ನೂ ಎದುರುಬದುರು ಇಟ್ಟು ನೋಡ್ತಾರೆ. ಅದು ಓದಿದ ಮೇಲೆ ನನಗೆ ಅನ್ನಿಸಿದ್ದು, ಬಿಡಿಎ ಬಡಾವಣೆ ನಿಯಮ, ನಿಮ್ಮ ರೆವಿನ್ಯೂ ಸೈಟು ಅಪವಾದ ಅನ್ನೋ ಲೆಕ್ಕಾನೇ ತಪ್ಪು. ಈ ಊರಿನ ಬಹುಪಾಲು ಜನ ಅಪವಾದದಲ್ಲೇ ಮನೆ ಕಟ್ಕೊಂಡಿದಾರೆ.

— ಅಪವಾದ ನಮ್ಮ ತಲೆ ಮೇಲೆ ಬಂದಿದ್ದೂ ಹಾಗೇ.

— ಒಂದು ಕೇಳ್ತೀನಿ, ಖಾತೆ ಇದೆ ಅಂದ್ರೆ ಮನೆ ನಿಮ್ಮದು ಅಂತ ಅರ್ಥವಾ?

— ಅಲ್ವಾ ಮತ್ತೆ? ಎಷ್ಟು ಓಡಾಡಿದೀವಿ ಅದಕ್ಕೆ!

— ಅಲ್ಲ ಆಂಟಿ. ಖಾತೆ ಅನ್ನೋದು ಕಂದಾಯದ ಲೆಕ್ಕ, ಅಷ್ಟೇ. ಶೆಟ್ಟರ ಅಂಗಡೀಲಿ ನಿಮ್ಮ ಹೆಸರಲ್ಲಿ ಒಂದು ಖಾತೆ ಇರುತ್ತಲ್ಲ, ಹಾಗೆ. ಈ ಆಸ್ತಿಗೆ ತೆರಿಗೆ ಕಟ್ಟೋರು ಇವರು ಅಂತ ಬರ್ಕೊಂಡಿರ್ತಾರೆ. ಒಡೆತನ ಹೇಳೋದು ಕ್ರಯಪತ್ರ. ಬಿ ಖಾತೆ ಅಂದ್ರೆ ಇನ್ನೂ ವಿಚಿತ್ರ: ನಿಮ್ಮ ಕಟ್ಟಡವನ್ನ ನಾವು ಸಕ್ರಮ ಅಂತ ಒಪ್ಪಲ್ಲ, ಆದರೆ ತೆರಿಗೆ ಮಾತ್ರ ಬಿಡಲ್ಲ ಅಂತ ಇನ್ನೊಂದು ಪುಸ್ತಕದಲ್ಲಿ ಬರ್ಕೊಳೋದು.

— ಅಂದ್ರೆ ಮನೆ ಇಲ್ಲ ಅಂತಾರೆ, ಮನೆ ತೆರಿಗೆ ಕಟ್ಟು ಅಂತಾರೆ.

— ನನ್ನ ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಇದೇ. ನೀವು ಒಂದು ಸಾಲಲ್ಲಿ ಹೇಳಿಬಿಟ್ರಿ.

— ಇಂಥ ಮನೆಗಳನ್ನ ಸಕ್ರಮ ಮಾಡ್ತೀವಿ ಅಂತ ಸರ್ಕಾರದವರು ಅಕ್ರಮ ಸಕ್ರಮ ಸ್ಕೀಮು ಅಂದ್ರಲ್ಲ, ಅದೇನಾಯ್ತು? ಅದಕ್ಕೆ ಅಂತ ಇವರು ಜೆರಾಕ್ಸ್ ಮಾಡಿಸಿದ ಕಟ್ಟು ಬೀರುವಿನಲ್ಲಿ ಹಾಗೇ ಇದೆ.

— 2016ರ ಡಿಸೆಂಬರ್‌ನಲ್ಲಿ ಹೈಕೋರ್ಟು ಸರಿ ಅಂತು. ಮಾರನೇ ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಡ್ತು. ಎದುರು ಹೋದವರ ಮಾತಲ್ಲೂ ಹುರುಳಿದೆ. ನಿಯಮ ಪಾಲಿಸಿ ಕಟ್ಟಿದವರು ಪೆದ್ದರಾ, ರಾಜಕಾಲುವೆ ಮುಚ್ಚಿ ಎಬ್ಬಿಸಿದ ಬಿಲ್ಡಿಂಗಿಗೂ ಇದೇ ಮಾಫಿನಾ ಅಂತ ಕೇಳಿದ್ರೆ ಏನು ಹೇಳೋದು? ನಿಮ್ಮ ಇಪ್ಪತ್ತು ಮೂವತ್ತೂ ಅಕ್ರಮ, ದೊಡ್ಡವರು ಕೆರೆ ಅಂಗಳದಲ್ಲಿ ನಿಲ್ಲಿಸಿದ್ದೂ ಅಕ್ರಮ. ಒಂದೇ ಪದ.

— ಒಂದೇ ಪದ ಇರಬಹುದು, ಜೆಸಿಬಿ ಬರೋದು ಮಾತ್ರ ಒಂದೇ ಕಡೆಗೆ. ಹೋಗಲಿ, ಈಗ ನಾವು ಯಾರ ಕೈಕೆಳಗಿದೀವಿ ಹೇಳು. ನಾನು ಬಂದಾಗ ಪಂಚಾಯಿತಿ. ಆಮೇಲೆ ನಗರಸಭೆ. ಆಮೇಲೆ ಬಿಬಿಎಂಪಿ.

— 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದ್ರು. ಒಂದೇ ಪಾಲಿಕೆಗೆ ಇಷ್ಟು ದೊಡ್ಡ ಊರು ಸಂಬಾಳಿಸೋಕೆ ಆಗಲ್ಲ ಅಂತ 2025ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಐದು ಪಾಲಿಕೆ ಮಾಡಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿದ್ರು.

— ಸೇರಿಸಿದ್ರೂ ಸುಧಾರಣೆ, ಒಡೆದ್ರೂ ಸುಧಾರಣೆ. ಮನೆ ಒಂದಿಂಚು ಅಲ್ಲಾಡಿಲ್ಲ, ಆಫೀಸು ಮಾತ್ರ ಮೂರು ಸಲ ಬದಲಾಯ್ತು. ಪ್ರತಿ ಸಲ ಹೊಸ ಗುಮಾಸ್ತ, 'ಹಳೇ ರಿಜಿಸ್ಟರ್ ನಮಗೆ ಬಂದಿಲ್ಲ' ಅನ್ನೋ ಅದೇ ಹಳೇ ಮಾತು. ಕಾರ್ಪೊರೇಟರು ಇದ್ದಿದ್ರೆ ಬೆಳಗ್ಗೆ ಆರಕ್ಕೆ ಅವರ ಮನೆ ಮುಂದೆ ಹೋಗಿ ನಿಲ್ತಿದ್ವಿ.

— ಬಿಬಿಎಂಪಿಗೆ ಕೊನೇ ಸಲ ವೋಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಅವರ ಅವಧಿ ಮುಗೀತು. ಅಲ್ಲಿಂದ ಆಡಳಿತಾಧಿಕಾರಿಗಳ ಕಾರುಬಾರು. ಪಾಲಿಕೆಯನ್ನ ಐದು ಮಾಡಿದ ದಿನವೂ ಈ ಊರಿಗೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಆಳೋದು ಹೇಗೆ ಅಂತ ತೀರ್ಮಾನ ಆಗುವಾಗ ಆಳಿಸಿಕೊಳ್ಳೋರ ಕಡೆಯಿಂದ ಯಾರೂ ಇಲ್ಲ. ಬೆಂಜಮಿನ್ ಇದನ್ನೂ ಹೇಳ್ತಾರೆ. ಬಡವರ ಬಡಾವಣೆಗೆ ನೀರು, ಚರಂಡಿ ಬರೋದು ಮಾಸ್ಟರ್ ಪ್ಲ್ಯಾನಿನಿಂದಲ್ಲ, ಕೌನ್ಸಿಲರ್, ಕೆಳಗಿನ ನೌಕರ, ಬೀದಿಯ ಲೀಡರು, ಇವರ ನಡುವಿನ ಒಡನಾಟದಿಂದ. ಆಡಳಿತ ಅನ್ನೋದು ಗೋಡೆಯಲ್ಲ, ಜರಡಿ. ಬಡವರು ಆ ತೂತಿನಿಂದಲೇ ನಗರದೊಳಗೆ ಬರ್ತಾರೆ. ಭೂಮಿಯನ್ನ ಹಿಡಿದು ಕೂರೋದೇ ಅವರ ರಾಜಕಾರಣ. 2008ರಲ್ಲಿ ಅದಕ್ಕೊಂದು ಹೆಸರೂ ಕೊಟ್ರು, 'ಆಕ್ಯುಪೆನ್ಸಿ ಅರ್ಬನಿಸಂ' ಅಂತ. ಓದಿದಾಗ ಮೈ ಜುಮ್ ಅಂದಿತ್ತು.

— ನಿನಗೆ ಜುಮ್ ಅಂದಿರುತ್ತೆ. ಆ ಜರಡಿ ತೂತಿಗೆ ತೂತಿಗೊಂದು ರೇಟಿದೆ, ಅದನ್ನ ಬರೆದಿದಾರಾ? ಖಾತೆ ಬದಲಾವಣೆಗೆ ಇಷ್ಟು, ಅಳತೆಗೆ ಬಂದವನಿಗೆ ಇಷ್ಟು, ಕೊಳಾಯಿಗೆ ರಸ್ತೆ ಅಗೆಯೋಕೆ ಇಷ್ಟು. ಯಾವ ಆಫೀಸು ಅಂತ ಕೇಳಬೇಡ, ಇವತ್ತೂ ಅಲ್ಲಿಗೇ ಹೋಗಬೇಕು ನಾನು. ಈ ಮೂವತ್ತು ವರ್ಷದಲ್ಲಿ ಕೊಟ್ಟಿದ್ದನ್ನೆಲ್ಲ ಕೂಡಿಟ್ಟಿದ್ರೆ ಇನ್ನೊಂದು ಸೈಟಾಗ್ತಿತ್ತು. ನಮ್ಮದು ಜಾಣತನ ಅಂತ ದಯವಿಟ್ಟು ಬರೀಬೇಡ ಕಣಮ್ಮ. ಬೇರೆ ದಾರಿ ಇರಲಿಲ್ಲ, ಅಷ್ಟು ಬರಿ.

— ಬರ್ಕೊಂಡೆ.

— ಪೆನ್ನು ಕಪ್ಪಾಯ್ತು ನೋಡು.

— ಒರೆಸ್ಕೋತೀನಿ. ಆಂಟಿ, ಇನ್ನೊಂದು ಪ್ರಶ್ನೆ ಇದೆ. ಫಾರಮ್ಮಲ್ಲಿಲ್ಲ, ನನ್ನದು. ಹೋದ ವರ್ಷ ನನ್ನ ಜೊತೆ ರೂಮು ನೋಡೋಕೆ ಬಂದಿದ್ದಳಲ್ಲ, ನನ್ನ ಸ್ನೇಹಿತೆ. 'ನೀವು ಏನು ಜನ' ಅಂತ ಕೇಳಿದ್ರಿ. ಅವಳು ಹೇಳಿದಳು. ಆಮೇಲೆ ರೂಮು ಬೇರೆಯವರಿಗೆ ಮಾತಾಗಿದೆ ಅಂದ್ರಿ. ಅದು ಎರಡು ತಿಂಗಳು ಖಾಲಿ ಇತ್ತು.

— ...

— ಬೇಜಾರು ಮಾಡ್ಕೋಬೇಡಿ. ಬ್ಯಾಂಕು ನಿಮ್ಮ ಖಾತೆ ಎ ಅಥವಾ ಬಿ ಅಂತ ಕೇಳ್ತು, ನೀವು ಅವಳನ್ನ ಕೇಳಿದ್ರಿ. ಹತ್ತು ತಿಂಗಳ ಅಡ್ವಾನ್ಸ್ ಅವಳ ಕೈಯಲ್ಲಿತ್ತು. ಈ ರಸ್ತೇಲಿ ಯಾರು ಇರಬೇಕು, ಯಾರು ಬೇಡ ಅಂತ ತೀರ್ಮಾನ ಮಾಡೋ ಪಾಲಿಕೆ ನೀವೇ. ಅದಕ್ಕೆ ಚುನಾವಣೆಯೂ ಇಲ್ಲ, ಅರ್ಜಿಯೂ ಇಲ್ಲ.

— ಹಿಂದಿನ ಮನೆಯವರು ಏನಾದ್ರೂ ಅಂದ್ಕೊಂಡು ಬಿಟ್ಟು ಹೋದ್ರೆ ಏಳು ಲಕ್ಷ ಎಲ್ಲಿಂದ ತರಲಿ ಅನ್ನೋ ಭಯ.

— ಅವರನ್ನ ಕೇಳಿದ್ರಾ?

— ಇಲ್ಲ.

— ...

— ಕೇಳಲಿಲ್ಲ. ಈಗ ಎಲ್ಲಿದಾಳೆ ಆ ಹುಡುಗಿ?

— ಪಿಜೀಲಿ. ಒಂದು ರೂಮಲ್ಲಿ ನಾಲ್ಕು ಮಂಚ. ಅದೂ ನನ್ನ ಫಾರಮ್ಮಲ್ಲಿ ಇಲ್ಲ. ಪಿಜಿ 'ಮನೆ' ಅಲ್ವಂತೆ, 'ಸಂಸ್ಥೆ'ಯಂತೆ.

— ಬರ್ಕೋ ಇದನ್ನೂ. ನನ್ನ ಹೆಸರು ಬರಲ್ಲ ತಾನೇ?

— ಯಾರ ಹೆಸರೂ ಬರಲ್ಲ. ಮನೆಗೊಂದು ನಂಬರು ಕೊಡ್ತೀವಿ. ನಿಮ್ಮದು 47.

— ಇನ್ನೊಂದು ನಂಬರಾ! ಇರು, ಎಣಿಸ್ತೀನಿ. ಸರ್ವೆ ನಂಬರು, ಸೈಟ್ ನಂಬರು, ಪಂಚಾಯಿತಿ ಖಾತೆ ನಂಬರು, ನಗರಸಭೆ ಅಸೆಸ್‌ಮೆಂಟ್ ನಂಬರು, ಕರೆಂಟಿನ ಆರ್‌ಆರ್ ನಂಬರು, ನೀರಿಂದೊಂದು, ಬಿಬಿಎಂಪಿ ಕಂದಾಯದ ಪಿಐಡಿ, ಮೊನ್ನೆ ಮಗ ಮೊಬೈಲಲ್ಲಿ ತೋರಿಸಿದ ಇ-ಖಾತೆದು. ಎಂಟು. ನಿನ್ನದು ಒಂಬತ್ತು. ನವಗ್ರಹ ಆಯ್ತು. ಪೋಸ್ಟ್‌ಮ್ಯಾನ್ ಮಾತ್ರ ಇವತ್ತಿಗೂ 'ಗಿರಣಿ ಎದುರು ಮನೆ' ಅಂತಾನೇ ಬರ್ತಾನೆ.

— ಕೊನೇ ಕಾಲಮ್ಮು ಆಂಟಿ. 'ಒಟ್ಟು ಮಹಡಿಗಳು'.

— ನೆಲ, ಒಂದು, ಎರಡು.

— ಮೂರು?

— ತೆರಿಗೆ ಕಾಗದದಲ್ಲಿ ನಾವೇ ಬರೆದು ಕೊಟ್ಟಿರೋದು ಎರಡರವರೆಗೆ. ಮೂರನೇದು ಶೀಟಿನ ರೂಮು, ನೀರಿನ ಟ್ಯಾಂಕ್ ಪಕ್ಕ ಸಾಮಾನಿಡೋಕೆ ಅಂತ ಹಾಕಿಸಿದ್ದು.

— ನಾನಿರೋದು ಅದರಲ್ಲೇ ಅಲ್ವಾ.

— ಅದಕ್ಕೇ ಕೇಳ್ತಿದೀನಿ. ಏನು ಬರೀತೀಯ?

— ಬರೆದ್ರೆ ನಿಮ್ಮದೊಂದು ಮಹಡಿ ಜಾಸ್ತಿ. ಬರೀದಿದ್ರೆ ನಾನು ಈ ಊರಲ್ಲಿ ಎಲ್ಲೂ ಇಲ್ಲ.

— ಯೋಚನೆ ಮಾಡಿ ನಾಳೆ ಬರಿ. ಈಗ ಈ ಮೂಟೆ ಬಾಯಿ ಹಿಡ್ಕೋ, ಕಟ್ಟಿಬಿಡೋಣ. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಬಂದುಬಿಡ್ತಾನೆ ಆಟೋದವನು. ಕತ್ತರಿಸಿದ್ದು ಎಷ್ಟು ಪೀಸು?

— ಅರವತ್ತಿರಬಹುದು.

— ರಿಜೆಕ್ಟು?

— ಹನ್ನೊಂದು.

— ಅದನ್ನ ಬೇರೆ ತೆಗೆದಿಡು. ತೂಕದಲ್ಲಿ ಸೇರಿಸಿಬಿಟ್ಟೀಯ ಮತ್ತೆ.